ರಾಶಿಗಲ್ಲು ಮತ್ತು ಖಂಭಾತದ ಧೂಳು

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಭಾಂಗಣದ ಹೊರಗೆ, ಕೋಡುಬಳೆಯ ಮೇಜಿಗೂ ಪುಸ್ತಕದ ಮೇಜಿಗೂ ನಡುವೆ ಹೊಸದೊಂದು ಮಳಿಗೆ ಎದ್ದಿತ್ತು. ಜನ್ಮನಕ್ಷತ್ರ ಹೇಳಿದರೆ ಸಾಕು, ಯಾವ ಬೆರಳಿಗೆ ಯಾವ ರತ್ನವೆಂದು ತಿಳಿಸಿ ಅಲ್ಲಿಯೇ ಮಾರುತ್ತಿದ್ದರು. ದುಬಾರಿಯದನ್ನು ಕೊಳ್ಳಲಾರದವರಿಗೆ ಅಕೀಕಿನ ಜಪಮಾಲೆ, ಸ್ಫಟಿಕದ ಮಣಿ, ನೀಲಕ್ಕೆ ಬದಲಾಗಿ ಕಟೇಲಾ. ಪುಸ್ತಕದ ಮೇಜಿನಲ್ಲಿ ಸಂಜೆಯವರೆಗೆ ಏಳು ಪ್ರತಿ ಖರ್ಚಾದವು. ಪಕ್ಕದಲ್ಲಿ ಸರತಿಯ ಸಾಲು. ಮಳಿಗೆಯ ಬಾಡಿಗೆಯಿಂದ ಊಟದ ವೆಚ್ಚ ಹೊರಟಿತೆಂದು ಹಿರಿಯರು ಸಂತೋಷಪಟ್ಟರು. ಈ ವರ್ಷವೂ ಆ ಮಳಿಗೆಗೆ ಜಾಗ ಕೊಡುವ ಸೂಚನೆ ಬಂದಾಗ ನಾನು ವಿರೋಧಿಸಿದೆ. ಧರ್ಮದ ವಿಷಯದಲ್ಲಿ ಕೈಹಾಕಬಾರದೆಂದು ಮಿತ್ರರು ಬುದ್ಧಿ ಹೇಳಿದರು. ಅವರಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಧರ್ಮದಿಂದಲೇ ಆರಂಭಿಸೋಣ. ನಮ್ಮ ತಾತಂದಿರ ದೇವರಪೆಟ್ಟಿಗೆಯಲ್ಲಿ ಕಲ್ಲುಗಳಿದ್ದವು: ಗಂಡಕಿಯ ಸಾಲಿಗ್ರಾಮ, ಶೋಣಾನದಿಯ ಕೆಂಪುಕಲ್ಲು, ಸೂರ್ಯನಿಗೆ ಸ್ಫಟಿಕ, ದೇವಿಗೆ ಸ್ವರ್ಣಮುಖಿಯ ಶಿಲೆ, ಶಿವನಿಗೆ ನರ್ಮದೆಯ ಬಾಣಲಿಂಗ. ನಾವಿಂದು ಭರೂಚಿನ ಸೇತುವೆಯ ಮೇಲೆ ರೈಲಿನಿಂದ ನಾಣ್ಯ ಎಸೆಯುವ ನದಿಯೇ ಆ ಲಿಂಗವನ್ನು ಉಜ್ಜಿ ನುಣುಪಾಗಿಸುತ್ತಿತ್ತು. (ಈಗ ಮಧ್ಯಪ್ರದೇಶದ ಬಕಾವಾಂ ಊರಿನಲ್ಲಿ ಅದನ್ನೂ ಯಂತ್ರದಲ್ಲಿ ಕಡೆಯುತ್ತಾರೆ.) ಶೃಂಗೇರಿಯಲ್ಲಿ ಸ್ಫಟಿಕದ ಚಂದ್ರಮೌಳೀಶ್ವರನಿದ್ದಾನೆ. ಮೂಡುಬಿದಿರೆಯ ಗುರುಬಸದಿಯಲ್ಲಿ ರತ್ನದ ಜಿನಬಿಂಬಗಳಿವೆ. ಮೇಲುಕೋಟೆಯ ವೈರಮುಡಿಯನ್ನು ವರ್ಷಕ್ಕೊಮ್ಮೆ ಮಂಡ್ಯದ ಖಜಾನೆಯಿಂದ ಪೋಲೀಸು ಕಾವಲಿನಲ್ಲಿ ತಂದು, ರಾತ್ರಿಯ ಉತ್ಸವ ಮುಗಿದೊಡನೆ ಹಿಂದಕ್ಕೊಯ್ಯುತ್ತಾರೆ. ಈ ರತ್ನಗಳಲ್ಲಿ ಒಂದೂ ಯಾವನೊಬ್ಬನ ಬಡ್ತಿಗಾಗಿ ಇಟ್ಟದ್ದಲ್ಲ. ದೇವರಿಗೆ ಕೊಟ್ಟದ್ದು, ಊರೆಲ್ಲ ಕೂಡಿ ನೋಡತಕ್ಕದ್ದು.

ಶಾಸ್ತ್ರವನ್ನು ಮುಂದಿಡುವವರು ಶಾಸ್ತ್ರವನ್ನು ಓದಲಿ. ವರಾಹಮಿಹಿರನಿಗಿಂತ ದೊಡ್ಡ ಜ್ಯೋತಿಷಿ ಆ ಮಳಿಗೆಯಲ್ಲಿ ಕುಳಿತಿರಲಿಲ್ಲವಷ್ಟೆ? ಆರನೆಯ ಶತಮಾನದ ಅವನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳ ಪರೀಕ್ಷೆಗೆ ಅಧ್ಯಾಯಗಳೇ ಇವೆ. ಸೌರಾಷ್ಟ್ರದ ವಜ್ರ ತುಸು ತಾಮ್ರವರ್ಣದ್ದೆಂಬ ವಿವರವೂ ಇದೆ. ಒಳ್ಳೆಯ ರತ್ನ ಅರಸನಿಗೆ ಶುಭ, ದೋಷದ್ದು ಅಶುಭ ಎಂದು ಅವನೂ ನಂಬಿದ್ದ. ಆದರೆ ಒಂಬತ್ತು ಗ್ರಹಕ್ಕೆ ಒಂಬತ್ತು ಕಲ್ಲು ಹಂಚುವ ಪಟ್ಟಿ ಅಲ್ಲಿಲ್ಲ. ಅದು ಆಮೇಲಿನದು.

ಇದಿಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಸುಮ್ಮನಿರಲಾಗದಂತೆ ಮಾಡಿದ್ದು ಖಂಭಾತ.

ಭರೂಚ್ ಜಿಲ್ಲೆಯ ಝಗಡಿಯಾ ತಾಲೂಕಿನ ರತನಪುರದ ಸುತ್ತ ಅಕೀಕು ಸಿಗುತ್ತದೆ. ಅಲ್ಲಿಯ ಬಾವಾ ಘೋರನ ದರ್ಗಾ ಆಫ್ರಿಕ ಮೂಲದ ಸಿದ್ದಿಗಳ ಪವಿತ್ರಸ್ಥಳ. ಅಕೀಕಿನ ಕಸುಬಿಗೂ ಅವನೇ ಕುಲಗುರು. ಕಲ್ಲು ಖಂಭಾತಕ್ಕೆ ಬಂದು ಬೆಂಕಿಯಲ್ಲಿ ಬೆಂದು ಕೆಂಪಾಗುತ್ತದೆ. ಈ ವಿದ್ಯೆ ನಾಲ್ಕು ಸಾವಿರ ವರ್ಷ ಹಳೆಯದು. ಲೋಥಲಿನಲ್ಲಿ 1955ರಿಂದ 1960ರವರೆಗೆ ಉತ್ಖನನ ನಡೆಸಿ ಮಣಿ ತಯಾರಿಸುವ ಕಾರ್ಖಾನೆಯನ್ನು ಬೆಳಕಿಗೆ ತಂದವರು ಶಿಕಾರಿಪುರ ರಂಗನಾಥ ರಾವ್, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಗೆ ಬಂದ ಕನ್ನಡಿಗರು. ಅವರ ಹೆಸರನ್ನು ನಾವು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಕಸುಬಿನ ಇಂದಿನ ವಾರಸುದಾರರ ಮನೆಗೆ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ?

ನಾನು ಹೋಗಿದ್ದೆ. ಕಲ್ಲನ್ನು ಸಾಣೆ ಹಿಡಿಯುವವನನ್ನು ಅಲ್ಲಿ ಘಸಿಯಾ ಎನ್ನುತ್ತಾರೆ. ತಿರುಗುವ ಚಕ್ರಕ್ಕೆ ಮುಖವಿಟ್ಟು ಕುಳಿತವನ ರೆಪ್ಪೆಯ ಮೇಲೂ ಬಿಳಿಯ ಪುಡಿ. ಒಳಗೆ ಅನ್ನ ಬೇಯುತ್ತಿದ್ದ ಒಲೆಯ ಮೇಲೂ ಅದೇ ಪುಡಿ. ಅಕೀಕು, ಸ್ಫಟಿಕ, ಕಟೇಲಾ ಎಲ್ಲವೂ ಮೂಲತಃ ಒಂದೇ ವಸ್ತು, ಸಿಲಿಕಾ. ಅದರ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಅದನ್ನು ಗಡುಸಾಗಿಸುವ ರೋಗವೇ ಸಿಲಿಕೋಸಿಸ್. ಅದನ್ನು ವಾಸಿಮಾಡುವ ಮದ್ದಿಲ್ಲ. ಅದು ಹಿಡಿದವನಿಗೆ ಕ್ಷಯವೂ ಸುಲಭವಾಗಿ ಅಂಟುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಖಂಭಾತದ ಈ ಕೆಲಸಗಾರರನ್ನು ದಶಕಗಳ ಹಿಂದೆಯೇ ಪರೀಕ್ಷಿಸಿ ರೋಗವನ್ನು ದಾಖಲಿಸಿತು. ವಡೋದರದ ಪೀಪಲ್ಸ್ ಟ್ರೇನಿಂಗ್ ಅಂಡ್ ರಿಸರ್ಚ್ ಸೆಂಟರಿನವರು ಅವರ ಪರವಾಗಿ ಓಡಾಡಿದ್ದಾರೆ. 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು. ಆದರೆ ಘಸಿಯಾನ ಮನೆ ಕಾರ್ಖಾನೆಯಲ್ಲವಲ್ಲ! ಅಂದಮೇಲೆ ಆ ಕಾಯಿದೆ ಅವನ ಹೊಸ್ತಿಲು ದಾಟುತ್ತಿದ್ದುದೆಂತು?

ಆಯುಷ್ಯ ವೃದ್ಧಿಸಲೆಂದು ನಾವು ಕೊರಳಿಗೆ ಹಾಕಿಕೊಳ್ಳುವ ಮಾಲೆ ಹೀಗೆ ತಯಾರಾಗುತ್ತದೆ.

ಕೊಳ್ಳುವುದನ್ನು ನಿಲ್ಲಿಸಿದರೆ ಆ ಬಡವರ ಅನ್ನ ಹೋಗದೇ, ಎಂದು ಕಾರ್ಯದರ್ಶಿಗಳು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂದಕ್ಕಾಗಿ ಮಣಿ ಕೊಳ್ಳುವವರನ್ನು ನಾನು ತಡೆಯುವುದಿಲ್ಲ. ನೀರು ಹನಿಸುತ್ತ ಅರೆಯುವುದು, ಧೂಳನ್ನು ಯಂತ್ರದಿಂದ ಹೀರಿಸುವುದು ಯಾರಿಗೂ ತಿಳಿಯದ ವಿದ್ಯೆಗಳಲ್ಲ. ಅವುಗಳ ಖರ್ಚನ್ನು ವರ್ತಕರು ಭರಿಸಿ, ಬೆಲೆಯಲ್ಲಿ ಸೇರಿಸಲಿ, ನಾವು ಕೊಡೋಣ. ಆದರೆ ಮಳಿಗೆಯವರು ಅರೆದವನ ಕೂಲಿಗೆ ಬೆಲೆ ಕಟ್ಟುತ್ತಿರಲಿಲ್ಲ; ಕೊಳ್ಳುವವನ ಭಯಕ್ಕೆ ಕಟ್ಟುತ್ತಿದ್ದರು. ಮಗಳ ಮದುವೆ ತಡವಾಯಿತೆಂದು ಪುಷ್ಯರಾಗಕ್ಕೆ ಎರಡು ತಿಂಗಳ ಪಿಂಚಣಿ ತೆತ್ತವರನ್ನು ಅಂದು ಕಣ್ಣಾರೆ ಕಂಡೆ.

ಸೂರತ್ತಿನ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುಕ್ರನ ರತ್ನವೆನ್ನುವ ವಜ್ರವನ್ನು ದಿನವಿಡೀ ಬೆರಳಲ್ಲಿ ಹಿಡಿದು ಕೂರುವ ಸೌರಾಷ್ಟ್ರದ ಹುಡುಗರು 2008ರ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡು ಗಂಟುಮೂಟೆಯೊಡನೆ ಊರಿಗೆ ಮರಳಿದ್ದನ್ನು ಅವರು ನೋಡಿದ್ದಾರೆ.

ನಾನೂ ಶುದ್ಧನಲ್ಲ. ಇಪ್ಪತ್ತು ವರ್ಷ ನೀಲದ ಉಂಗುರ ಧರಿಸಿದವನು. ಮಳಿಗೆ ಬೇಡವಾದರೆ ಬಾಡಿಗೆಯ ಹಣ ಎಲ್ಲಿಂದ ಬರಬೇಕೆಂದು ಸಭೆಯಲ್ಲಿ ಕೇಳಿದಾಗ, ನಾನು ಕೊಡುತ್ತೇನೆಂದು ಹೇಳಿಬಿಟ್ಟೆ. ಮರುದಿನ ಉಂಗುರದೊಡನೆ ಅಹಮದಾಬಾದಿನ ಮಾಣೆಕ್ ಚೌಕಿಗೆ ಹೋದೆ. ಮಾಣೆಕ್ ಎಂದರೆ ಮಾಣಿಕ್ಯವೇ, ಆದರೆ ಆ ಹೆಸರು ಬಾಬಾ ಮಾಣೆಕನಾಥನದು. ಅಕ್ಕಸಾಲಿಗ ಇಕ್ಕಳದಿಂದ ಕಲ್ಲನ್ನು ಕಿತ್ತು ಬದಿಗಿಟ್ಟ, ಬಂಗಾರವನ್ನಷ್ಟೇ ತೂಗಿದ, ಹಣ ಎಣಿಸಿಕೊಟ್ಟ. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ, ಮರೆತಿರೆಂದು ಕಲ್ಲನ್ನು ಕಾಗದದಲ್ಲಿ ಸುತ್ತಿ ಕೈಗಿತ್ತ.