ಹಲ್ಲು ಮೂಡಿದ ಪತ್ರ

ಮಕ್ಕಳೇ, ಹೋದ ವರ್ಷ ನಾನು ಮಗಳ ಮನೆಗೆಂದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯಕ್ಕೆ ಹೋಗಿದ್ದೆ. ಒಂದು ದಿನ ಮೊಮ್ಮಗಳ ಜೊತೆ ಹಳೆಯ ದಾಖಲೆಗಳನ್ನು ಇಟ್ಟಿರುವ ಕಚೇರಿ ನೋಡಲು ಹೊರಟೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಳದಿಗಟ್ಟಿದ ಒಂದು ಜಮೀನಿನ ಪತ್ರವಿತ್ತು. ಅದರ ಮೇಲಂಚು ಅಂಕುಡೊಂಕು.

"ಅಜ್ಜಾ, ಇದನ್ನ ಇಲಿ ತಿಂದಿದೆಯಾ?" ಎಂದಳು ಮೊಮ್ಮಗಳು.

ಇಲಿಯಲ್ಲ, ಬೇಕೆಂದೇ ಹಾಗೆ ಕತ್ತರಿಸಿದ್ದು! ಬಹಳ ಹಿಂದೆ ಆ ದೇಶದಲ್ಲಿ ಹೊಲ ಕೊಡುವವರು ಹೊಲದಲ್ಲೇ ನಿಂತು, ನಾಲ್ಕು ಜನರ ಎದುರು ಒಂದು ಹೆಂಟೆ ಮಣ್ಣನ್ನೋ ಗಿಡದ ಕಡ್ಡಿಯನ್ನೋ ಪಡೆಯುವವರ ಕೈಗಿಡುತ್ತಿದ್ದರು. ಆದರೆ ಕಂಡವರು ತೀರಿಕೊಂಡರೆ ಸಾಕ್ಷಿ ಹೇಳುವವರು ಯಾರು? ಅದಕ್ಕೇ ಪತ್ರ ಬೇಕಾಯಿತು.

ಹದಮಾಡಿದ ಕುರಿಯ ಚರ್ಮದ ಮೇಲೆ ಒಂದೇ ಒಪ್ಪಂದವನ್ನು ಎರಡು ಸಲ ಬರೆಯುತ್ತಿದ್ದರು. ಕುರಿಯ ಚರ್ಮವೇ ಏಕೆ? ಅಕ್ಷರ ಕೆರೆದು ತಿದ್ದಿದರೆ ಗುರುತು ಉಳಿಯುತ್ತದೆ, ಮೋಸ ಬಯಲಾಗುತ್ತದೆ. ಆಮೇಲೆ ನಡುವೆ ಅಲೆಅಲೆಯಾಗಿ ಕತ್ತರಿಸಿ, ಒಬ್ಬೊಬ್ಬರು ಒಂದೊಂದು ತುಂಡು ಇಟ್ಟುಕೊಳ್ಳುತ್ತಿದ್ದರು. ಜಗಳ ಬಂದಾಗ ಎರಡನ್ನೂ ಜೋಡಿಸಿದರೆ ಆಯಿತು. ಹಲ್ಲಿಗೆ ಹಲ್ಲು ಕೂತರೆ ಪತ್ರ ಅಸಲಿ. ಓದು ಬಾರದ ರೈತನೂ ಇದನ್ನು ಕಣ್ಣಾರೆ ನೋಡಿ ತಿಳಿಯಬಹುದಿತ್ತು. ಇಂಥ ಪತ್ರಕ್ಕೆ 'ಇಂಡೆಂಚರ್' ಎಂದು ಹೆಸರು. ಲ್ಯಾಟಿನ್ನಿನಲ್ಲಿ 'ಡೆನ್ಸ್' ಎಂದರೆ ಹಲ್ಲು. ನಿಮ್ಮ ಹಲ್ಲು ನೋಡುವ ಡೆಂಟಿಸ್ಟ್ ಕೂಡ ಅದೇ ಮಾತಿನ ನೆಂಟ!

1195ರಿಂದ ಕೆಲವು ಒಪ್ಪಂದಗಳಿಗೆ ಮೂರನೆಯ ಪ್ರತಿಯೂ ಬಂತು. ಚರ್ಮದ ಅಡಿಭಾಗದಲ್ಲಿ ಬರೆದ ಆ ತುಂಡು ರಾಜನ ನ್ಯಾಯಾಲಯದಲ್ಲಿ ಭದ್ರವಾಗಿರುತ್ತಿತ್ತು.

"ಅಪ್ಪ ಸತ್ತರೆ ಹೊಲ ಯಾರಿಗೆ?" ಎಂದಳು ಮೊಮ್ಮಗಳು. ಇಂಗ್ಲೆಂಡಿನ ಹೆಚ್ಚಿನ ಕಡೆ ಎಲ್ಲವೂ ಹಿರಿಮಗನಿಗೆ. ಕೆಲವು ಊರುಗಳಲ್ಲಿ ಕಿರಿಮಗನಿಗೆ. ಕೆಂಟ್‌ನಲ್ಲಾದರೋ ಗಂಡುಮಕ್ಕಳಿಗೆಲ್ಲ ಸಮಪಾಲು.

"ಹಾಗಾದರೆ ನನಗೆ?"

"ಗಂಡುಮಕ್ಕಳೇ ಇಲ್ಲದಿದ್ದರೆ ಹೆಣ್ಣುಮಕ್ಕಳು ಹಂಚಿಕೊಳ್ಳುತ್ತಿದ್ದರು."

"ನನಗೆ ತಮ್ಮ ಇದ್ದಾನಲ್ಲ!" ಅವಳ ಮುಖ ಸಣ್ಣದಾಯಿತು. 1925ರ ಕಾನೂನು ಈ ಪದ್ಧತಿಗಳನ್ನು ತೆಗೆದುಹಾಕಿತು, 1926ರಿಂದ ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಮಗ-ಮಗಳು ಎಂಬ ಭೇದವಿಲ್ಲ ಎಂದು ಸಮಾಧಾನ ಹೇಳಿದೆ. ಹೇಳುವಾಗ ನನ್ನ ಅಕ್ಕ ನೆನಪಾದಳು. ನಮ್ಮಪ್ಪನ ಗದ್ದೆ ಪಾಲಾದ ದಿನ ಅವಳು ಎಲ್ಲರಿಗೂ ಕಾಫಿ ಮಾಡಿ ಕೊಟ್ಟಳು. ನಿನಗೇನು ಬೇಕು ಎಂದು ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗಲಾದರೂ ನೆನಪಾಯಿತಲ್ಲೋ" ಎಂದಳು.

ಮರುದಿನ ಮೊಮ್ಮಗಳು ಒಂದು ಹಾಳೆಯಲ್ಲಿ ಎರಡು ಸಲ ಬರೆದಳು: 'ಅಜ್ಜನ ಪುಸ್ತಕಗಳೆಲ್ಲ ನನಗೂ ತಮ್ಮನಿಗೂ ಸಮಪಾಲು.' ನಾನು ರುಜು ಹಾಕಿದೆ. ಅವಳೇ ಕತ್ತರಿಸಿದಳು. ನನ್ನ ತುಂಡು ಈಗ ನನ್ನ ಬೀರುವಿನಲ್ಲಿದೆ.

ನೀವೂ ಅಜ್ಜ-ಅಜ್ಜಿಯ ಜೊತೆ ಕೂತು ಇಂಥದೊಂದು ಪತ್ರ ಮಾಡಿ. ಅಂಚು ಮಾತ್ರ ವಂಕಿವಂಕಿಯಾಗಿರಲಿ. ನೇರವಾಗಿ ಕತ್ತರಿಸಿದರೆ ಅದು ಯಾರ ಕಾಗದಕ್ಕಾದರೂ ಹೊಂದಿಕೊಂಡುಬಿಡುತ್ತದೆ!