ನಾಯಿ ಮೈಗೆ ಬೆಳೆ ಔಷಧಿ ಬಳಿಯೋದು ನಿಲ್ಲಿಸಿ

ನಾಯಿ ಕೆರೆದುಕೊಂಡರೆ ನಮ್ಮ ಹಳ್ಳಿಗಳಲ್ಲಿ ಕೈಗೆ ಸಿಗುವ ಮದ್ದು ಎರಡೇ. ಒಂದು ಸೀಮೆಎಣ್ಣೆ, ಇನ್ನೊಂದು ಬೆಳೆಗೆ ಹೊಡೆದು ಉಳಿದ ಕೀಟನಾಶಕ. ಬಳಿದದ್ದನ್ನು ನಾಯಿ ನೆಕ್ಕುತ್ತದೆ. ಜೊಲ್ಲು ಸುರಿಸಿ, ನಡುಗಿ, ಸತ್ತೂ ಹೋಗುತ್ತದೆ. ಆಮೇಲೆ 'ಯಾರೋ ವಿಷ ಹಾಕಿದ್ರು' ಅಂತ ಪಕ್ಕದ ಮನೆಯವರ ಮೇಲೆ ಗೂಬೆ ಕೂರಿಸುತ್ತೇವೆ. ಹಾಕಿದವರು ನಾವೇ ಅಲ್ಲವೇ?

ಕೆರೆತವನ್ನೆಲ್ಲ 'ಕಜ್ಜಿ' ಅನ್ನುವುದೂ ಸಾಕು. ಬಾಲದ ಬುಡ, ಸೊಂಟ, ಹಿಂದೊಡೆಯಲ್ಲಿ ಕೂದಲು ಉದುರಿದ್ದರೆ ಹೆಚ್ಚಾಗಿ ಅದು ಚಿಗಟದ ಅಲರ್ಜಿ. ಚಿಗಟದ ಜೊಲ್ಲು ಕೆಲವು ನಾಯಿಗಳಿಗೆ ಆಗಿಬರುವುದಿಲ್ಲ; ಒಂದೆರಡು ಕಚ್ಚಿದರೂ ದಿನಗಟ್ಟಲೆ ತುರಿಕೆ. 'ನಮ್ಮ ನಾಯಲ್ಲಿ ಚಿಗಟ ಕಾಣೋದೇ ಇಲ್ಲ' ಅನ್ನಬೇಡಿ.

ಗುದದ ಸುತ್ತ ಅಕ್ಕಿಕಾಳಿನಂಥ ಬಿಳಿ ತುಣುಕು ಕಂಡಿದೆಯಾ? ಅದು ಲಾಡಿಹುಳದ ತುಂಡು. ಬೆಲ್ಲ ತಿಂದು ಬಂದದ್ದಲ್ಲ. ಆ ಹುಳದ ಮೊಟ್ಟೆಯನ್ನು ಚಿಗಟದ ಮರಿ ತಿನ್ನುತ್ತದೆ, ದೊಡ್ಡದಾದ ಚಿಗಟವನ್ನು ನಾಯಿ ಕಚ್ಚಿ ನುಂಗುತ್ತದೆ, ಹೊಟ್ಟೆಯಲ್ಲಿ ಮತ್ತೆ ಹುಳ. ಚಿಗಟ ಬಿಟ್ಟು ಬರೀ ಮಾತ್ರೆ ಕೊಟ್ಟರೆ ಮೂರು ವಾರಕ್ಕೆ ಅದೇ ಕಥೆ. ನಾಯಿ ಜೊತೆ ಆಡುವ ಮಗು ಅಪ್ಪಿತಪ್ಪಿ ಚಿಗಟ ನುಂಗಿದರೆ ಮಗುವಿಗೂ ಬರುತ್ತದೆ.

ದನಕ್ಕೆ ತಂದ ಜಂತಿನ ಔಷಧಿ ಇದಕ್ಕೆ ನಂಬಿಕಸ್ತವಲ್ಲ. ಬೇಕಿರುವುದು ಪ್ರಾಜಿಕ್ವಾಂಟೆಲ್, ಅದೂ ನಾಯಿಯ ತೂಕ ನೋಡಿ ಡಾಕ್ಟರು ಹೇಳಿದಷ್ಟು. ಚಿಗಟಕ್ಕೆ ನಾಯಿಗೆಂದೇ ಇರುವ ಔಷಧಿಯನ್ನು ಮನೆಯ ಎಲ್ಲ ನಾಯಿಗಳಿಗೂ ಒಟ್ಟಿಗೆ ಹಾಕಬೇಕು. ಪರ್ಮೆಥ್ರಿನ್ ಇರುವುದನ್ನು ಬೆಕ್ಕಿಗೆ ಮುಟ್ಟಿಸಬೇಡಿ, ಸಾಯುತ್ತದೆ. ಮೊಟ್ಟೆ ಉದುರುವುದು ನಾಯಿ ಮಲಗುವ ಗೋಣಿಚೀಲದ ಮೇಲೆ. ಅದನ್ನು ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಮೂಲೆಯ ಧೂಳು ಗುಡಿಸಿ ಸುಡಿ.

ಜಾತ್ರೆಯಲ್ಲಿ ಕುರಿ ಕಡಿದಾಗ ನೀರುಗುಳ್ಳೆ ಇರುವ ಈಲಿ, ಶ್ವಾಸಕೋಶವನ್ನು ನಾಯಿಗೆ ಎಸೆಯುತ್ತೇವಲ್ಲ, ಅದರಿಂದ ಇನ್ನೊಂದು ಜಾತಿಯ ಲಾಡಿಹುಳ ಬರುತ್ತದೆ. ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ನಮ್ಮ ಈಲಿಯಲ್ಲೇ ಗುಳ್ಳೆ ಬೆಳೆಯುತ್ತದೆ. ಆಪರೇಷನ್‌ವರೆಗೂ ಹೋಗಬಹುದು. ಎಸೆಯುವ ಬದಲು ಆಳವಾಗಿ ಹೂಳಿ.

ಇನ್ನು ಸರ್ಕಾರಕ್ಕೊಂದು ಮಾತು. ಹಾಲು ಕೊಡದ ಪ್ರಾಣಿ ಅಂತ ನಾಯಿಯನ್ನು ಲೆಕ್ಕದಿಂದ ಬಿಡಬೇಡಿ. ಪಶು ಆಸ್ಪತ್ರೆಯ ಕಪಾಟಿನಲ್ಲಿ ದನದ ಔಷಧಿ ಪಕ್ಕ ನಾಯಿಯ ಜಂತಿನ ಮಾತ್ರೆಗೂ ಜಾಗ ಇರಲಿ. ಕೂಲಿಯವನಿಗೆ ಚೀಟಿ ಬರೆದು ಪೇಟೆಗೆ ಕಳಿಸಿದರೆ ಅವನು ಮತ್ತೆ ಕೀಟನಾಶಕದ ಬಾಟಲಿಗೇ ಕೈ ಹಾಕುತ್ತಾನೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಜೊತೆ ಇದನ್ನೂ ಎದ್ದು ನಿಂತು ಕೇಳಿ.