9ಎಚ್ ಅಂದ್ರೆ ಏನು ಅಂತ ನಾವು ಕೇಳಲೇ ಇಲ್ಲ

ಹೋದ ಸೆಮ್‌ನಲ್ಲಿ ಒಂದು ಭಾನುವಾರ. ಹಾಸ್ಟೆಲ್ ರೂಮಲ್ಲಿ ನಾವು ನಾಲ್ಕೂ ಜನ ಇದ್ವಿ. ನಮ್ಮ ರೂಮ್‌ಮೇಟ್‌ಗೆ ಅವರಪ್ಪನ ವಿಡಿಯೋ ಕಾಲ್ ಬಂತು. ಅವರದು ತಿಪಟೂರು ಹತ್ತಿರದ ಹಳ್ಳಿ. ಕೊಬ್ಬರಿ ಮಾರಿದ ದುಡ್ಡಿಗೆ ಬ್ಯಾಂಕ್ ಸಾಲ ಸೇರಿಸಿ ಮನೆಗೆ ಮೊದಲ ಕಾರು ತಗೋತಾ ಇದ್ರು. ಶೋರೂಮ್ ಹುಡುಗ ಎದುರಿಗೆ ಕೂತು ಎರಡು ಕೋಟಿಂಗ್ ತೋರಿಸ್ತಿದ್ದ. ಒಂದು 18 ಸಾವಿರದ ಸೆರಾಮಿಕ್, ಇನ್ನೊಂದು 28 ಸಾವಿರದ ಗ್ರಾಫೀನ್. ಎರಡೂ '9ಎಚ್'.

"ನಾಲ್ಕು ಜನ ಇಂಜಿನಿಯರ್‌ಗಳಿದ್ದೀರಲ್ಲ, ಯಾವುದು ಹಾಕಿಸ್ಲಿ ಹೇಳ್ರಪ್ಪ" ಅಂದ್ರು ಅಂಕಲ್.

ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಗ್ರಾಫೀನ್ ಅನ್ನೋ ಪದ ಕೆಮಿಸ್ಟ್ರಿ ಕ್ಲಾಸಲ್ಲಿ ಕೇಳಿದ್ದು ನೆನಪಿತ್ತು. "ಗ್ರಾಫೀನ್ ಹಾಕ್ಸಿ ಅಂಕಲ್, ಸೂಪರ್" ಅಂದ್ಬಿಟ್ವಿ. ಅವರು ನಮ್ಮ ಮಾತು ನಂಬಿ ದುಡ್ಡು ಕಟ್ಟಿದ್ರು.

ಮೂರು ತಿಂಗಳಿಗೆ ಬಾನೆಟ್ ತುಂಬಾ ಬಿಳಿ ಬಿಳಿ ಚುಕ್ಕೆ. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲಿ ಹಾಗೇ ಬಿಟ್ಟಿದ್ದಕ್ಕೆ ಬಂದ ಉಪ್ಪಿನ ಕಲೆ. ಅಂಕಲ್ ಬೈಯಲಿಲ್ಲ, "ಹೋಗ್ಲಿ ಬಿಡ್ರಪ್ಪ" ಅಂದ್ರು. ಬೈದಿದ್ರೇ ವಾಸಿ ಇತ್ತು. ಆಮೇಲೆ ಕೂತು ಓದಿದ್ವಿ. ಮೊದಲೇ ಓದಬೇಕಿತ್ತು.

ಮೊದಲು ಈ 9ಎಚ್ ಕಥೆ. ಮೊದಲ ವರ್ಷದ ಡ್ರಾಯಿಂಗ್ ಕ್ಲಾಸಿಗೆ ಎಚ್‌ಬಿ, 2ಎಚ್ ಪೆನ್ಸಿಲ್ ತಗೊಂಡಿದ್ವಲ್ಲ, ಅದೇ ಎಚ್! ಬೇರೆ ಬೇರೆ ಗಡಸಿನ ಪೆನ್ಸಿಲ್‌ಗಳನ್ನ 45 ಡಿಗ್ರಿ ಕೋನದಲ್ಲಿ ಪೇಂಟ್ ಮೇಲೆ ಒತ್ತಿ ತಳ್ಳುತ್ತಾರೆ. ಯಾವ ಪೆನ್ಸಿಲ್‌ವರೆಗೂ ಗೀರು ಬೀಳಲ್ವೋ ಅದೇ ಆ ಪೇಂಟಿನ ನಂಬರ್. ಆ ಅಳತೆಯಲ್ಲಿ 9ಎಚ್ ಕೊನೆಯ ಪೆನ್ಸಿಲ್. ಇದನ್ನ ಖನಿಜಗಳ ಮೋಸ್ ಸ್ಕೇಲಿನ 9 ಅಂದ್ಕೊಂಡು, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಅಂತ ಖುಷಿಪಡೋದು ತಪ್ಪು. ಪೆನ್ಸಿಲ್ ಕಡ್ಡಿ ಅಂದ್ರೆ ಗ್ರಾಫೈಟ್ ಮತ್ತೆ ಜೇಡಿಮಣ್ಣು, ಅಷ್ಟೆ. ನಮ್ಮ ರಸ್ತೆ ಧೂಳಲ್ಲಿರೋ ಮರಳು ಮೋಸ್ ಸ್ಕೇಲಲ್ಲಿ 7. ಧೂಳು ಹಿಡಿದ ಬಟ್ಟೆಯಲ್ಲಿ ಒಣ ಕಾರು ಒರೆಸಿದ್ರೆ 9ಎಚ್ ಕೋಟಿಂಗ್ ಮೇಲೂ ಗೀರು ಬೀಳುತ್ತೆ.

ದಪ್ಪದ ಲೆಕ್ಕ ನೋಡಿ. ಕಾರಿನ ಮೇಲ್ಪದರವಾದ ಕ್ಲಿಯರ್ ಕೋಟ್ ಸುಮಾರು 40-50 ಮೈಕ್ರಾನ್. ಅದರ ಮೇಲೆ ಕೂರೋ ಸೆರಾಮಿಕ್ ಒಂದೆರಡು ಮೈಕ್ರಾನ್. ಹೆಸರು ಸೆರಾಮಿಕ್ ಆದ್ರೂ ಇದು ಮಡಕೆ ಥರ ಸುಟ್ಟಿದ್ದಲ್ಲ. ಸಿಲಿಕಾನ್ ಇರೋ ದ್ರವ ಗಾಳಿಯ ತೇವ ಹೀರಿ ಗಾಜಿನಂಥ ಪದರವಾಗಿ ಗಟ್ಟಿಯಾಗುತ್ತೆ. ಹೈವೇಲಿ ಲಾರಿ ಹಿಂದೆ ಹೋಗುವಾಗ ಸಿಡಿಯೋ ಕಲ್ಲನ್ನ ಒಂದೆರಡು ಮೈಕ್ರಾನ್ ತಡೆಯಲ್ಲ. ಅದಕ್ಕೆ ಬೇಕಿರೋದು ಪಿಪಿಎಫ್ ಅನ್ನೋ ಪಾಲಿಯುರಿಥೇನ್ ಫಿಲ್ಮ್. ಅದರ ದಪ್ಪ 150-200 ಮೈಕ್ರಾನ್, ಬೆಲೆಯೂ ಹಾಗೇ ದಪ್ಪ.

ಇನ್ನು ಗ್ರಾಫೀನ್. 2004ರಲ್ಲಿ ಅಂಟು ಟೇಪಿನಿಂದ ಗ್ರಾಫೈಟ್ ಪದರ ಕಿತ್ತು ಅದನ್ನ ಬೇರ್ಪಡಿಸಿ, 2010ರಲ್ಲಿ ನೊಬೆಲ್ ಪಡೆದ ಗೈಮ್ ಮತ್ತು ನೊವೊಸೆಲೊವ್ ಕಥೆ ನಮಗೆಲ್ಲ ಗೊತ್ತು. ಆ ಅದ್ಭುತ ಗುಣಗಳೆಲ್ಲ ಒಂದೇ ಪರಮಾಣುವಿನಷ್ಟು ದಪ್ಪದ, ದೋಷವಿಲ್ಲದ ಹಾಳೆಯದ್ದು. ಬಾಟಲಿಯಲ್ಲಿ ಬರೋದು ಸಾಮಾನ್ಯವಾಗಿ ಅದೇ ಸಿಲಿಕಾ ದ್ರವಕ್ಕೆ ಬೆರೆಸಿದ ಸ್ವಲ್ಪ ಗ್ರಾಫೀನ್ ಆಕ್ಸೈಡ್. ನಾವು ಹೆಸರು ಕೇಳಿ ಅಂಕಲ್‌ಗೆ ಹತ್ತು ಸಾವಿರ ಹೆಚ್ಚು ಖರ್ಚು ಮಾಡಿಸಿದ್ವಿ.

ಹಾಗಾದ್ರೆ ಸೆರಾಮಿಕ್ ಬರೀ ಮೋಸಾನಾ? ಅಲ್ಲ. ಕೆಸುವಿನ ಎಲೆಯಷ್ಟಲ್ಲದಿದ್ರೂ ನೀರು ಗುಂಡಗಾಗಿ ಉರುಳುತ್ತೆ, ಕೆಸರು ಬೇಗ ಬಿಡುತ್ತೆ. ಹಕ್ಕಿ ಹಿಕ್ಕೆ ಪೇಂಟಿಗೆ ಇಳಿಯೋ ಮುಂಚೆ ತೊಳೆಯೋಕೆ ಸ್ವಲ್ಪ ಸಮಯ ಸಿಗುತ್ತೆ. ವ್ಯಾಕ್ಸ್ ವಾರಗಳ ಲೆಕ್ಕದಲ್ಲಿ ಹೋದ್ರೆ, ಚೆನ್ನಾಗಿ ಹಾಕಿದ ಸೆರಾಮಿಕ್ ವರ್ಷಗಳ ಲೆಕ್ಕದಲ್ಲಿ ನಿಲ್ಲುತ್ತೆ. ಆದ್ರೆ ಉರುಳದೆ ಉಳಿದ ಹನಿ ಅಲ್ಲೇ ಒಣಗಿದ್ರೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಉಳಿಯುತ್ತೆ. ಅಂಕಲ್ ಕಾರಿಗೆ ಆಗಿದ್ದು ಇದೇ.

ನಮ್ಮ ಅಭಿಪ್ರಾಯ ನೇರವಾಗಿ ಹೇಳ್ತೀವಿ: ಬಾಟಲಿ ಆರಿಸೋದು ಕೊನೆಯ ಕೆಲಸ. ಮೊದಲು ಮೂರು ಪ್ರಶ್ನೆ ಕೇಳಿ. ಕಾರು ಎಲ್ಲಿ ನಿಲ್ಲುತ್ತೆ? ಯಾವ ನೀರಲ್ಲಿ ತೊಳೀತೀರಿ? ಯಾರು ತೊಳೀತಾರೆ? ಶೆಡ್ ಇದ್ದು, ಮನೆಯವರೇ ತೊಳೆಯೋದಾದ್ರೆ ಕೆಲವು ತಿಂಗಳಿಗೊಮ್ಮೆ ಹಾಕೋ ಸ್ಪ್ರೇ ಸೀಲಂಟ್ ಸಾಕು. ವರ್ಷವಿಡೀ ಬಿಸಿಲಲ್ಲಿ, ಮರದ ಕೆಳಗೆ ನಿಲ್ಲೋ ಕಾರು, ಅದನ್ನ ಏಳೆಂಟು ವರ್ಷ ಇಟ್ಕೋತೀವಿ ಅಂದ್ರೆ ಸಾದಾ ಸೆರಾಮಿಕ್ ಹಾಕಿಸಿ. ದಿನಾ ಹೈವೇ ಓಡಾಟ ಇದ್ರೆ ಬಂಪರ್, ಬಾನೆಟ್‌ಗೆ ಮಾತ್ರ ಪಿಪಿಎಫ್. ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಬೀದಿಯ ಎಲ್ಲಾ ಕಾರು ಒರೆಸೋ ಕಡೆ ನಿಮ್ಮದೂ ಇದ್ರೆ, ಯಾವ ಕೋಟಿಂಗೂ ಬೇಡ. ಆ ದುಡ್ಡಲ್ಲಿ ಎರಡು ಬಕೆಟ್, ಕಾರ್ ಶಾಂಪೂ, ನಾಲ್ಕು ಮೈಕ್ರೋಫೈಬರ್ ಬಟ್ಟೆ ತನ್ನಿ. ಮಿಕ್ಕಿದ್ದು ಇಎಂಐಗೆ.

ಹಾಕಿಸಲೇಬೇಕು ಅಂದ್ರೆ ಬ್ರ್ಯಾಂಡ್‌ಗಿಂತ ಹಾಕೋರನ್ನ ವಿಚಾರಿಸಿ. ಕ್ಲೇ ಬಾರ್ ಎಳೀತಾರಾ? ಪಾಲಿಶ್ ಮಾಡಿ, ಆ ಎಣ್ಣೆ ಪೂರ್ತಿ ಒರೆಸ್ತಾರಾ? ಫಳಫಳ ಹೊಳಪಿನ ಬಹುಪಾಲು ಪಾಲಿಶ್‌ದೇ. ಗೀರು ಹಾಗೇ ಬಿಟ್ಟು ಕೋಟಿಂಗ್ ಹಾಕಿದ್ರೆ ಆ ಗೀರು ಅದರಡಿ ಹಾಗೇ ಉಳಿಯುತ್ತೆ. ವಾರಂಟಿ ಹಾಳೆಯ ಸಣ್ಣ ಅಕ್ಷರ ಕೂಡ ಓದಿ. ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಸರ್ವೀಸ್ ಮಾಡಿಸಿದ್ರೆ ಮಾತ್ರ ವಾರಂಟಿ ಅಂತ ಎಷ್ಟೋ ಕಡೆ ಇರುತ್ತೆ.

ಕೊನೇ ಮಾತು ನಮಗೇ. ಮನೆಯವರು, ಊರವರು ನಮ್ಮನ್ನ ಕೇಳೋದು ನಮಗೆ ಎಲ್ಲಾ ಗೊತ್ತು ಅಂತಲ್ಲ, ಗೊತ್ತಿಲ್ಲದಿದ್ರೆ ತಿಳ್ಕೊಂಡು ಹೇಳ್ತಾರೆ ಅಂತ. "ಒಂದು ದಿನ ಟೈಮ್ ಕೊಡಿ ಅಂಕಲ್, ಓದಿ ಹೇಳ್ತೀವಿ" ಅಂದಿದ್ರೆ ನಮ್ಮ ಮರ್ಯಾದೆ ಏನೂ ಹೋಗ್ತಿರಲಿಲ್ಲ. ದಸರಾ ರಜೆಗೆ ನಾಲ್ಕೂ ಜನ ತಿಪಟೂರಿಗೆ ಹೋಗ್ತಿದ್ದೀವಿ. ಕಲೆ ತೆಗೆಯೋ ಕೆಲಸ ನಮ್ದೇ. ಒರೆಸೋ ಬಟ್ಟೆಯೂ ನಮ್ದೇ ಖರ್ಚು.